ಡನ್‌ಸ್ಟನ್ ಮತ್ತು ಅವರ ವಿರೋಧಿಗಳು: ಓದುಗರೊಬ್ಬರ ಪತ್ರಕ್ಕೆ ಸಂಪಾದಕರ ಉತ್ತರ

ಕಳೆದ ಸಂಚಿಕೆಯ ಚಿತ್ರಪುಟದಲ್ಲಿ ದಕ್ಷಿಣ ಆಸ್ಟ್ರೇಲಿಯಾ ರಾಜ್ಯದ ಪ್ರೀಮಿಯರ್ (ನಮ್ಮ ಮುಖ್ಯಮಂತ್ರಿಯಂತೆ) ಆಗಿದ್ದ ಡಾನ್ ಡನ್‌ಸ್ಟನ್ ಗುಲಾಬಿ ಬಣ್ಣದ ಚಡ್ಡಿ ತೊಟ್ಟು ವಿಧಾನಸಭೆಗೆ ಬಂದ ಪ್ರಸಂಗವನ್ನು ಹತ್ತು ಸಾಲಿನಲ್ಲಿ ಪ್ರಕಟಿಸಿದ್ದೆವು. ಅದನ್ನು ಓದಿ ತಿಪಟೂರಿನ ನಿವೃತ್ತ ಅಧ್ಯಾಪಕರೊಬ್ಬರು ಕೋಪದಿಂದ ದೀರ್ಘ ಪತ್ರ ಬರೆದಿದ್ದಾರೆ. ಮಗಳ ಮನೆಗೆಂದು ಆ ರಾಜ್ಯದ ರಾಜಧಾನಿ ಅಡಿಲೇಡ್‌ಗೆ ಹೋಗಿದ್ದಾಗ ಖಾಲಿ ಬಾಟಲಿ ಕೊಟ್ಟು ಹಣ ಪಡೆಯುವ ಕೇಂದ್ರದಲ್ಲಿ ಈ ಹೆಸರನ್ನು ಮೊದಲ ಬಾರಿಗೆ ಕೇಳಿದರಂತೆ. ಅವರು ಕೇಳಿರುವುದು ಇಷ್ಟು: ‘ಮನುಷ್ಯ ಏನು ಮಾಡಿದ ಎಂದು ಹೇಳದೆ ಏನು ತೊಟ್ಟ ಎಂದು ಹೇಳುವುದು ಯಾವ ಪತ್ರಿಕಾಧರ್ಮ? ಇವರನ್ನು ಆಸ್ಟ್ರೇಲಿಯಾದ ದೇವರಾಜ ಅರಸು ಎನ್ನಬಹುದೇ? ಕೇಂದ್ರ ಸರ್ಕಾರದ ಅಡಿಯಲ್ಲಿರುವ ರಾಜ್ಯವೊಂದರ ನಾಯಕ ಒಬ್ಬನೇ ಇಷ್ಟೆಲ್ಲ ಬದಲಾಯಿಸಲು ಸಾಧ್ಯವೇ?’

ಮಾನ್ಯರೇ,

ಚಡ್ಡಿಯ ವಿಷಯವನ್ನು ಮೊದಲೇ ಮುಗಿಸಿಬಿಡುತ್ತೇನೆ. 1972ರ ನವೆಂಬರ್ 22ರಂದು ಡನ್‌ಸ್ಟನ್ ಗುಲಾಬಿ ಚಡ್ಡಿ, ಬಿಳಿ ಟಿ-ಶರ್ಟ್ ಮತ್ತು ಉದ್ದನೆಯ ಕಾಲುಚೀಲ ತೊಟ್ಟು ಸದನಕ್ಕೆ ಬಂದರು. ಅಲ್ಲಿ ಬೇಸಿಗೆ ಶುರುವಾಗುವ ಹೊತ್ತು ಅದು. ಉಳಿದ ಸದಸ್ಯರು ಕೋಟು, ಟೈಗಳಲ್ಲಿದ್ದರು. ಓದುವ ದಿನಗಳಲ್ಲಿ ರಂಗಭೂಮಿಯಲ್ಲೂ ರೇಡಿಯೊದಲ್ಲೂ ದುಡಿದಿದ್ದ ಈ ವ್ಯಕ್ತಿಗೆ ಕ್ಯಾಮೆರಾ ಎಲ್ಲಿರುತ್ತದೆ ಎಂಬುದು ಚೆನ್ನಾಗಿ ಗೊತ್ತಿತ್ತು. ಚಿತ್ರಪುಟಕ್ಕೆ ಚಿತ್ರ ಬೇಕಿತ್ತು, ಕೊಟ್ಟೆವು. ಅದರಲ್ಲಿ ನನಗೆ ಸಂಕೋಚವೇನೂ ಇಲ್ಲ. ಆದರೆ ನಿಮ್ಮ ಉಳಿದ ಪ್ರಶ್ನೆಗಳು ಹತ್ತು ಸಾಲಿಗೆ ಬಗ್ಗುವಂಥವಲ್ಲ. ಕೊನೆಯ ಪ್ರಶ್ನೆಯಲ್ಲಿ ‘ಒಬ್ಬನೇ’ ಎಂದು ಬರೆದಿದ್ದೀರಿ. ನನ್ನ ತಕರಾರು ಇರುವುದು ಅಲ್ಲಿ. ಡನ್‌ಸ್ಟನ್ ಅವರ ಲೆಕ್ಕಕ್ಕೆ ಜಮೆಯಾಗಿರುವ ದೊಡ್ಡ ಕೆಲಸಗಳಲ್ಲಿ ಹಲವನ್ನು ಆರಂಭಿಸಿದವರು ಅಥವಾ ಕೊನೆ ಮುಟ್ಟಿಸಿದವರು ಅವರ ವಿರೋಧ ಪಕ್ಷದವರು. ಅಭಿಮಾನಿಗಳಿಗೆ ಈ ಮಾತು ರುಚಿಸದು. ನನಗೆ ಅವರ ಬಗ್ಗೆ ಗೌರವ ಹೆಚ್ಚಿರುವುದೇ ಇದರಿಂದ.

ಡನ್‌ಸ್ಟನ್ ಹುಟ್ಟಿದ್ದು ಆಸ್ಟ್ರೇಲಿಯಾದಲ್ಲಲ್ಲ, ಫಿಜಿ ದ್ವೀಪದ ಸುವಾದಲ್ಲಿ, 1926ರಲ್ಲಿ. ತಂದೆ ಅಲ್ಲಿನ ವ್ಯಾಪಾರಿ ಕಂಪನಿಯೊಂದರ ನೌಕರ. ಕಬ್ಬಿನ ತೋಟಗಳಿಗೆಂದು 1879ರಿಂದ 1916ರವರೆಗೆ ಕಲ್ಕತ್ತ, ಮದ್ರಾಸು ಬಂದರುಗಳಿಂದ ಹಡಗು ಹತ್ತಿಸಿ ಕಳಿಸಿದ ಗಿರಮಿಟಿಯಾ (ಕರಾರಿನ) ಕೂಲಿಗಳ ಮಕ್ಕಳು ಮೊಮ್ಮಕ್ಕಳು ಆ ಊರಿನ ತುಂಬ ಇದ್ದರು. ಬಿಳಿಯರ ಮಗು ಅವರೊಂದಿಗೆ ಬೆರೆಯುವುದನ್ನು ಬಿಳಿಯ ಸಮಾಜ ಒಪ್ಪುತ್ತಿರಲಿಲ್ಲ. ಈ ಹುಡುಗ ಬೆರೆತ. ಕಾಯಿಲೆ ಬೀಳುತ್ತಿದ್ದುದರಿಂದ ಒಣ ಹವೆ ಒಳ್ಳೆಯದೆಂದು ಏಳನೆಯ ವಯಸ್ಸಿಗೆ ದಕ್ಷಿಣ ಆಸ್ಟ್ರೇಲಿಯಾದ ಮರ್ರೆ ಬ್ರಿಜ್ ಎಂಬ ಊರಿನ ತಾಯಿಯ ತವರಿಗೆ ಕಳಿಸಿದರು. ಮುಂದೆ ಅಡಿಲೇಡ್‌ನ ಸೇಂಟ್ ಪೀಟರ್ಸ್ ಕಾಲೇಜು. ಅದು ಜಮೀನುದಾರರ, ವಕೀಲರ, ಹಳೆಯ ಮನೆತನಗಳ ಮಕ್ಕಳು ಕಲಿಯುವ ಶಾಲೆ. ಆಮೇಲೆ ಅಡಿಲೇಡ್ ವಿಶ್ವವಿದ್ಯಾಲಯದಲ್ಲಿ ಕಾನೂನು. ಮದುವೆಯಾದದ್ದು ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡು ಬಂದ ಯಹೂದಿ ಕುಟುಂಬದ ಗ್ರೆಟೆಲ್ ಅವರನ್ನು. ದಂಪತಿ ಕೆಲಕಾಲ ಫಿಜಿಗೆ ಹೋಗಿ ವಕೀಲಿ ನಡೆಸಿ, 1951ರಲ್ಲಿ ಮರಳಿ ಅಡಿಲೇಡ್‌ನ ನಾರ್‌ವುಡ್‌ನಲ್ಲಿ ಮನೆ ಹಿಡಿದರು. ಕೈ ಬಿಗಿಯಾಗಿತ್ತು, ಮನೆಯಲ್ಲಿ ಬಾಡಿಗೆಯವರನ್ನು ಇಟ್ಟುಕೊಂಡಿದ್ದರು. ನಾರ್‌ವುಡ್ ಆಗ ಇಟಲಿಯ ವಲಸಿಗರು ತುಂಬುತ್ತಿದ್ದ ಪ್ರದೇಶ. 1953ರಲ್ಲಿ, 26ರ ವಯಸ್ಸಿನಲ್ಲಿ, ಡನ್‌ಸ್ಟನ್ ಲೇಬರ್ ಪಕ್ಷದಿಂದ ಅಲ್ಲಿಂದಲೇ ಗೆದ್ದರು.

ಗೆದ್ದು ಕುಳಿತ ಸದನ ಎಂಥದು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇಡೀ ಕಥೆಯ ಬೇರು ಅಲ್ಲಿದೆ. ದಕ್ಷಿಣ ಆಸ್ಟ್ರೇಲಿಯಾಕ್ಕೆ ಒಂದು ಹೆಮ್ಮೆ ಇತ್ತು. ಕೈದಿಗಳನ್ನು ತಂದು ಸುರಿಯದೆ ಸ್ವತಂತ್ರ ವಲಸಿಗರು ಕಟ್ಟಿದ ವಸಾಹತು ತಮ್ಮದು ಎಂದು ಅಲ್ಲಿನವರು ಹೇಳಿಕೊಳ್ಳುತ್ತಿದ್ದರು. ಗುಪ್ತ ಮತದಾನವನ್ನು ಪ್ರಪಂಚದಲ್ಲಿ ಎಲ್ಲರಿಗಿಂತ ಮೊದಲು, 1856ರಲ್ಲಿ, ಜಾರಿಗೆ ತಂದ ನಾಡುಗಳಲ್ಲಿ ಅದೊಂದು. 1894ರಲ್ಲಿ ಮಹಿಳೆಯರಿಗೆ ಮತ ಹಾಕುವ ಹಕ್ಕಿನ ಜೊತೆಗೆ ಚುನಾವಣೆಗೆ ನಿಲ್ಲುವ ಹಕ್ಕನ್ನೂ ಕೊಟ್ಟಿತು. ಅಂಥ ನಾಡಿನಲ್ಲಿಯೇ 1936ರಲ್ಲಿ ಕ್ಷೇತ್ರಗಳನ್ನು ಹೊಸದಾಗಿ ಕತ್ತರಿಸಿದರು. ಒಟ್ಟು 39 ಕ್ಷೇತ್ರಗಳು: ಗ್ರಾಮಾಂತರಕ್ಕೆ 26, ರಾಜಧಾನಿಗೆ 13. ಜನ ಬೆಳೆದದ್ದು ರಾಜಧಾನಿಯಲ್ಲಿ, ಕ್ಷೇತ್ರಗಳು ಉಳಿದದ್ದು ಹಳ್ಳಿಗಾಡಿನಲ್ಲಿ. ಅಂಕಿ ಬೇಕಾದರೆ ಕೊಡುತ್ತೇನೆ. 1968ರ ಚುನಾವಣೆಯಲ್ಲಿ ಗ್ರಾಮೀಣ ಕ್ಷೇತ್ರ ಫ್ರೋಮ್‌ನಲ್ಲಿ ಚಲಾವಣೆಯಾದ ಸಿಂಧು ಮತಗಳು ಸುಮಾರು 4,500. ನಗರದ ಎನ್‌ಫೀಲ್ಡ್‌ನಲ್ಲಿ ಸುಮಾರು 42,000. ಎರಡೂ ಕ್ಷೇತ್ರಗಳು ಆರಿಸಿದ್ದು ತಲಾ ಒಬ್ಬ ಶಾಸಕನನ್ನು.

ಈ ಲೆಕ್ಕದ ಬಲದಿಂದ ಥಾಮಸ್ ಪ್ಲೇಫರ್ಡ್ 1938ರಿಂದ 1965ರವರೆಗೆ ಆಳಿದರು. 26 ವರ್ಷ! ಅನ್ಯಾಯದ ಈ ಏರ್ಪಾಟಿಗೆ ಜನ ಇಟ್ಟ ಅಡ್ಡಹೆಸರು ‘ಪ್ಲೇಮ್ಯಾಂಡರ್’: ಕ್ಷೇತ್ರಗಳನ್ನು ಪಕ್ಷದ ಲಾಭಕ್ಕೆ ತಕ್ಕಂತೆ ಕತ್ತರಿಸುವುದಕ್ಕೆ ಇಂಗ್ಲಿಷಿನಲ್ಲಿರುವ ‘ಜೆರ್ರಿಮ್ಯಾಂಡರ್’ ಎಂಬ ಮಾತಿಗೆ ಪ್ಲೇಫರ್ಡ್ ಹೆಸರು ಬೆರೆಸಿದ್ದು. ಆದರೆ ಅದನ್ನು ರೂಪಿಸಿದ್ದು ಅವರಿಗಿಂತ ಹಿಂದಿನ ಪ್ರೀಮಿಯರ್ ಕಾಲದಲ್ಲಿ. ಇವರು ಅದರ ಫಲ ಉಂಡವರು. ಪ್ಲೇಫರ್ಡ್ ಅವರನ್ನು ಖಳನಾಯಕ ಎಂದು ಬರೆದುಬಿಡುವುದು ಸುಲಭ, ನನಗೆ ಮನಸ್ಸಿಲ್ಲ. ನಾರ್ಟನ್ ಸಮಿಟ್ ಬೆಟ್ಟದ ಮೇಲೆ ಚೆರ್ರಿ ಬೆಳೆಯುತ್ತಿದ್ದ ತೋಟಗಾರ, ಸಂಪ್ರದಾಯವಾದಿ. ಅದೇ ಮನುಷ್ಯ 1946ರಲ್ಲಿ ಖಾಸಗಿ ವಿದ್ಯುತ್ ಕಂಪನಿಯನ್ನು ಸರ್ಕಾರದ ವಶಕ್ಕೆ ತೆಗೆದುಕೊಂಡರು. ಕಾರ್ಖಾನೆಗಳನ್ನು ಬೆನ್ನು ಬಿದ್ದು ಕರೆತಂದರು, ಕಾರ್ಮಿಕರಿಗೆ ಸರ್ಕಾರಿ ಮನೆಗಳನ್ನು ಕಟ್ಟಿಸಿದರು. ಆ ಕಾರ್ಖಾನೆಗಳಿಂದ ನಗರ ಬೆಳೆಯಿತು. ನಗರ ಬೆಳೆದದ್ದರಿಂದಲೇ ಅವರ ಲೆಕ್ಕ ಕೊನೆಗೆ ತಪ್ಪಿತು.

ಇನ್ನೊಂದು ವಿಷಯ ನನಗೆ ಬಹಳ ಇಷ್ಟ. ಸದನ ಮುಗಿದ ಮೇಲೆ ಪ್ಲೇಫರ್ಡ್ ತಮ್ಮ ಕಾರಿನಲ್ಲಿ ಬೆಟ್ಟದ ಮನೆಗೆ ಹೋಗುವ ದಾರಿಯಲ್ಲಿ ನಾರ್‌ವುಡ್ ಸಿಗುತ್ತಿತ್ತು. ಹಗಲಿಡೀ ತಮ್ಮನ್ನು ಝಾಡಿಸಿದ ಈ ಯುವ ವಕೀಲನನ್ನು ಕೂರಿಸಿಕೊಂಡು ಮನೆಗೆ ಬಿಡುತ್ತಿದ್ದರು. ದಾರಿಯುದ್ದಕ್ಕೂ ರಾಜಕೀಯದ ಪಾಠ. ಡನ್‌ಸ್ಟನ್ ಒಪ್ಪಿದ್ದು ಎಷ್ಟೋ ಬಿಟ್ಟದ್ದು ಎಷ್ಟೋ, ಕಾರು ಹತ್ತುವುದನ್ನಂತೂ ಬಿಡಲಿಲ್ಲ.

ಇಬ್ಬರೂ ನಿಜವಾಗಿ ಎದುರಾದದ್ದು ಮ್ಯಾಕ್ಸ್ ಸ್ಟುವರ್ಟ್ ಪ್ರಕರಣದಲ್ಲಿ. 1958ರ ಡಿಸೆಂಬರ್‌ನಲ್ಲಿ ಸೆಡ್ಯೂನ ಎಂಬ ಊರಿನಲ್ಲಿ ಒಂಬತ್ತು ವರ್ಷದ ಬಾಲಕಿಯ ಕೊಲೆಯಾಯಿತು. ಅರೆಂಟೆ ಮೂಲನಿವಾಸಿ ಸಮುದಾಯದ ಸ್ಟುವರ್ಟ್‌ಗೆ ಮರಣದಂಡನೆ ವಿಧಿಸಲಾಯಿತು. ಮುಖ್ಯ ಆಧಾರ ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ. ಆ ಹೇಳಿಕೆಯ ಇಂಗ್ಲಿಷು ವಿದ್ಯಾವಂತರದು. ಸ್ಟುವರ್ಟ್‌ಗೆ ಓದಲು ಬರುತ್ತಿರಲಿಲ್ಲ. ಆ ಭಾಷೆಯನ್ನು ಬಲ್ಲ ವಿದ್ವಾಂಸ ಸ್ಟ್ರೆಲೋ, ಇದು ಅವನ ಮಾತಲ್ಲ ಎಂದರು. ಅಡಿಲೇಡ್‌ನ ‘ದಿ ನ್ಯೂಸ್’ ಪತ್ರಿಕೆ ಪ್ರಕರಣವನ್ನು ಎತ್ತಿಕೊಂಡಿತು. ಅದರ ಸಂಪಾದಕ ರೋಹನ್ ರಿವೆಟ್ ಮೇಲೆ ರಾಜದ್ರೋಹದ ಬರಹದ ಆರೋಪ ಬಿತ್ತು. ಮಾಲೀಕರು ಯಾರು ಗೊತ್ತೇ? ಇನ್ನೂ ಮೂವತ್ತೂ ತುಂಬದ ರೂಪರ್ಟ್ ಮುರ್ಡೋಕ್! ಈ ಹೋರಾಟದ ಸಾಲಿನಲ್ಲಿ ಅವರನ್ನು ಕಂಡಾಗಲೆಲ್ಲ ನಾನು ಎರಡು ಬಾರಿ ಓದಿಕೊಳ್ಳುತ್ತೇನೆ. ಸದನದಲ್ಲಿ ಡನ್‌ಸ್ಟನ್ ಬೆನ್ನು ಬಿಡಲಿಲ್ಲ. ಪ್ಲೇಫರ್ಡ್ ವಿಚಾರಣಾ ಆಯೋಗ ನೇಮಿಸಬೇಕಾಯಿತು, ಕೊನೆಗೆ ಗಲ್ಲನ್ನು ಜೀವಾವಧಿಗೆ ಇಳಿಸಬೇಕಾಯಿತು. ಸ್ಟುವರ್ಟ್ 1973ರಲ್ಲಿ ಪೆರೋಲ್ ಮೇಲೆ ಹೊರಬಂದರು. ಮುಂದೆ ಮಧ್ಯ ಆಸ್ಟ್ರೇಲಿಯಾದ ಮೂಲನಿವಾಸಿಗಳ ಭೂಮಂಡಳಿಗೆ ಅಧ್ಯಕ್ಷರೂ ಆದರು. ಕಾನೂನಿನ ಪುಸ್ತಕದಿಂದ ಮರಣದಂಡನೆಯನ್ನೇ ಡನ್‌ಸ್ಟನ್ ಸರ್ಕಾರ ಕಿತ್ತುಹಾಕಿದ್ದು 1976ರಲ್ಲಿ.

1965ರಲ್ಲಿ ಲೇಬರ್ ಕೊನೆಗೂ ಗೆದ್ದು ಫ್ರಾಂಕ್ ವಾಲ್ಶ್ ಪ್ರೀಮಿಯರ್ ಆದಾಗ ಡನ್‌ಸ್ಟನ್ ಅಟಾರ್ನಿ ಜನರಲ್, ಅಂದರೆ ಕಾನೂನು ಸಚಿವ. ನನ್ನ ದೃಷ್ಟಿಯಲ್ಲಿ ಅವರ ಅತ್ಯುತ್ತಮ ವರ್ಷಗಳು ಇವು, ಚಡ್ಡಿಗೆ ಬಹಳ ಹಿಂದಿನವು. ರೋಮಾ ಮಿಚೆಲ್ ಅವರನ್ನು ರಾಜ್ಯದ ಸುಪ್ರೀಂ ಕೋರ್ಟಿನ (ನಮ್ಮ ಹೈಕೋರ್ಟಿನಂಥದು) ನ್ಯಾಯಾಧೀಶರನ್ನಾಗಿ ಮಾಡಿಸಿದರು. ದೇಶದಲ್ಲಿ ಅಂಥ ಪೀಠವೇರಿದ ಮೊದಲ ಮಹಿಳೆ ಅವರು. 1966ರಲ್ಲಿ ಬಣ್ಣ, ಜನಾಂಗಗಳ ಆಧಾರದ ತಾರತಮ್ಯವನ್ನು ಅಪರಾಧವಾಗಿಸುವ ಕಾಯ್ದೆ ತಂದರು. ಆಸ್ಟ್ರೇಲಿಯಾದಲ್ಲಿ ಅಂಥದ್ದು ಅದೇ ಮೊದಲು. ಮೂಲನಿವಾಸಿಗಳ ಜಮೀನಿಗಾಗಿ ಟ್ರಸ್ಟ್ ರಚಿಸಿದ ಕಾಯ್ದೆಯೂ ಅದೇ ವರ್ಷದ್ದು. ರಾಷ್ಟ್ರಮಟ್ಟದಲ್ಲಿ ಲೇಬರ್ ಪಕ್ಷದ ಧ್ಯೇಯಪತ್ರದಿಂದ ಬಿಳಿಯರಲ್ಲದ ವಲಸಿಗರನ್ನು ತಡೆಯುವ ‘ಶ್ವೇತ ಆಸ್ಟ್ರೇಲಿಯಾ’ ನೀತಿಯ ಮಾತು 1965ರ ಸಮ್ಮೇಳನದಲ್ಲಿ ಬಿದ್ದುಹೋಯಿತು. ವರ್ಷಗಟ್ಟಲೆ ಅದಕ್ಕಾಗಿ ಪಕ್ಷದೊಳಗೆ ಜಗಳವಾಡಿದವರಲ್ಲಿ ಡನ್‌ಸ್ಟನ್ ಪ್ರಮುಖರು. 1973ರಲ್ಲಿ ಪ್ರಧಾನಿ ವಿಟ್ಲಮ್ ಅವರ ಕೇಂದ್ರ ಸರ್ಕಾರ ವಲಸೆಯಲ್ಲಿ ಜನಾಂಗದ ತಡೆಯನ್ನು ಪೂರ್ತಿ ತೆಗೆಯಿತು. 2021ರ ಜನಗಣತಿಯಲ್ಲಿ ಆಸ್ಟ್ರೇಲಿಯಾ, ಇಂಗ್ಲೆಂಡ್‌ಗಳನ್ನು ಬಿಟ್ಟರೆ ಅಲ್ಲಿನ ನಿವಾಸಿಗಳ ಅತಿ ದೊಡ್ಡ ಜನ್ಮಭೂಮಿ ಭಾರತ. ನಿಮ್ಮ ಮಗಳೂ ಆ ಲೆಕ್ಕದಲ್ಲಿ ಇರಬಹುದು.

1967ರ ಜೂನ್ 1ರಂದು, 40ನೆಯ ವಯಸ್ಸಿನಲ್ಲಿ, ಡನ್‌ಸ್ಟನ್ ಪ್ರೀಮಿಯರ್ ಆದರು. ಹತ್ತು ತಿಂಗಳಲ್ಲೇ ಇಳಿದರು. 1968ರ ಚುನಾವಣೆಯಲ್ಲಿ ಅವರ ಪಕ್ಷಕ್ಕೆ ಅರ್ಧಕ್ಕಿಂತ ಹೆಚ್ಚು ಮತ ಬಂತು, ಸೀಟುಗಳು ಮಾತ್ರ 19–19 ಸಮ. ಒಬ್ಬ ಪಕ್ಷೇತರ ಎದುರು ಪಕ್ಷದ ಕಡೆ ವಾಲಿದ. ಸಾವಿರಾರು ಜನ ಬೀದಿಗಿಳಿದರು. ಸದನ ಸೇರಿ ಬಲಾಬಲ ತೀರ್ಮಾನವಾಗುವವರೆಗೆ ಡನ್‌ಸ್ಟನ್ ಕುರ್ಚಿ ಬಿಡಲಿಲ್ಲ. ಈ ಅನ್ಯಾಯ ಎಲ್ಲರ ಕಣ್ಣಿಗೂ ಬೀಳಲಿ ಎಂಬುದು ಅವರ ಲೆಕ್ಕ.

ಇಲ್ಲಿ ಸ್ಟೀಲ್ ಹಾಲ್ ಎಂಬ ಹೆಸರನ್ನು ನೆನಪಿಡಿ. ಹಾಗೆ ಅಧಿಕಾರಕ್ಕೆ ಬಂದ ಎದುರಾಳಿ ಪಕ್ಷದ ಪ್ರೀಮಿಯರ್ ಇವರು, ಯುವಕರು. ಕಡಿಮೆ ಮತ ಪಡೆದು ಗೆದ್ದದ್ದು ಅವರಿಗೆ ಮುಜುಗರ ತಂದಿತು. ಸದನವನ್ನು 47 ಸ್ಥಾನಗಳಿಗೆ ಹಿಗ್ಗಿಸಿ, 28ನ್ನು ರಾಜಧಾನಿಗೆ ಕೊಟ್ಟರು. ಮುಂದಿನ ಚುನಾವಣೆಯಲ್ಲಿ ಸೋಲುವುದು ಇದರಿಂದ ಬಹುತೇಕ ಖಚಿತ ಎಂಬುದು ಹಾಲ್ ಅವರಿಗೆ ಗೊತ್ತಿತ್ತು. ಹಾಗೆಯೇ ಆಯಿತು. 1970ರಲ್ಲಿ ಲೇಬರ್ 27 ಸ್ಥಾನ ಗೆದ್ದಿತು. ತನ್ನ ಕಾಲ ಕೆಳಗಿನ ಹಲಗೆಯನ್ನು ತಾನೇ ಕೊಯ್ದ ರಾಜಕಾರಣಿಗಳನ್ನು ನಾನು ಹೆಚ್ಚು ಕಂಡಿಲ್ಲ. ಡನ್‌ಸ್ಟನ್ ದಶಕ ಎಂದು ಎಲ್ಲರೂ ಹೊಗಳುವ ಕಾಲಕ್ಕೆ ಬಾಗಿಲು ತೆರೆದವರು ಹಾಲ್. ಮೇಲ್ಮನೆಯ ಸುಧಾರಣೆಯ ಪ್ರಶ್ನೆಯಲ್ಲಿ ತಮ್ಮ ಪಕ್ಷದ ಹಳಬರ ಜೊತೆ ಕೆಡಿಸಿಕೊಂಡು 1972ರಲ್ಲಿ ನಾಯಕತ್ವವನ್ನೂ ಬಿಟ್ಟರು.

ಆ ಮೇಲ್ಮನೆ ಇನ್ನೂ ಕೆಟ್ಟದ್ದು. ಆಸ್ತಿಯ ಅರ್ಹತೆ ಇದ್ದವರಿಗಷ್ಟೇ ಮತ. ದಶಕಗಳ ಕಾಲ 20 ಸ್ಥಾನಗಳಲ್ಲಿ 16 ಒಂದೇ ಪಕ್ಷಕ್ಕೆ. ಕೆಳಮನೆ ಕಳಿಸಿದ ಮಸೂದೆಗಳು ಅಲ್ಲಿ ಹೋಗಿ ಸಾಯುತ್ತಿದ್ದವು. 1973ರಲ್ಲಿ ಡನ್‌ಸ್ಟನ್ ಅದನ್ನು ವಯಸ್ಕ ಮತದಾನಕ್ಕೆ ತೆರೆದರು. ಇಡೀ ರಾಜ್ಯವನ್ನು ಒಂದೇ ಕ್ಷೇತ್ರವೆಂದು ಹಿಡಿದು ಪಕ್ಷಗಳ ಮತದ ಪ್ರಮಾಣಕ್ಕೆ ತಕ್ಕಂತೆ ಸ್ಥಾನ ಹಂಚುವ ಕ್ರಮ ಬಂತು. ಆಮೇಲೆ ಕ್ಷೇತ್ರಗಳ ಗಡಿ ಎಳೆಯುವ ಕೆಲಸವನ್ನು ಸ್ವತಂತ್ರ ಆಯೋಗಕ್ಕೆ ಒಪ್ಪಿಸಿ, ಕ್ಷೇತ್ರ ಕ್ಷೇತ್ರದ ನಡುವಿನ ವ್ಯತ್ಯಾಸ ಶೇಕಡಾ 10ಕ್ಕಿಂತ ದಾಟಬಾರದು ಎಂದು ಕಟ್ಟು ಹಾಕಿದರು. ಲೋಕಸಭಾ ಕ್ಷೇತ್ರಗಳ ಮರುವಿಂಗಡಣೆಯ ಮಾತು ನಮ್ಮಲ್ಲಿ ಬಿಸಿಯಾಗಿರುವ ಈ ದಿನಗಳಲ್ಲಿ ಓದುಗರಿಗೆ ಇದು ತಟ್ಟಬಹುದು. ಆದರೆ ನಮ್ಮದು ರಾಜ್ಯ ರಾಜ್ಯಗಳ ನಡುವಿನ ಜಗಳ, ಅವರದು ಒಂದೇ ರಾಜ್ಯದ ಪಟ್ಟಣ ಮತ್ತು ಹಳ್ಳಿಗಳ ನಡುವಿನದು. ಎರಡಕ್ಕೂ ಒಂದೇ ಔಷಧ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಉಳಿದ ಸುಧಾರಣೆಗಳನ್ನು ನೀವೇ ಪತ್ರದಲ್ಲಿ ಪಟ್ಟಿ ಮಾಡಿದ್ದೀರಿ. ನಾನು ಎರಡನ್ನು ಮಾತ್ರ ಎತ್ತಿಕೊಳ್ಳುತ್ತೇನೆ.

1972ರ ಮೇ 10ರ ರಾತ್ರಿ ಅಡಿಲೇಡ್ ವಿಶ್ವವಿದ್ಯಾಲಯದ ಕಾನೂನು ಅಧ್ಯಾಪಕ ಜಾರ್ಜ್ ಡಂಕನ್ ಅವರನ್ನು ಟೊರೆನ್ಸ್ ನದಿಗೆ ಎಸೆಯಲಾಯಿತು. ಅವರು ಮುಳುಗಿ ಸತ್ತರು. ಆ ದಡ ಸಲಿಂಗಿ ಪುರುಷರು ಸೇರುತ್ತಿದ್ದ ಜಾಗ. ಅನುಮಾನ ಪೊಲೀಸರ ಮೇಲೆಯೇ ಬಂತು. ಬಹಳ ವರ್ಷಗಳ ನಂತರ ವಿಚಾರಣೆ ನಡೆದು ಆರೋಪಿಗಳು ಖುಲಾಸೆಯಾದರು. ಸಾವಿನ ಬೆನ್ನಿಗೇ ಸಲಿಂಗ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ತೆಗೆಯಬೇಕೆಂದು ಮೊದಲ ಮಸೂದೆ ಮಂಡಿಸಿದವರು ಯಾರು? ಎದುರು ಪಕ್ಷದ ಮೇಲ್ಮನೆ ಸದಸ್ಯ ಮರ್ರೆ ಹಿಲ್. ಅದು ಅರ್ಧಂಬರ್ಧವಾಗಿ ಅಂಗೀಕಾರವಾಯಿತು. ಡನ್‌ಸ್ಟನ್ ಪಕ್ಷದ ಪೀಟರ್ ಡಂಕನ್ 1975ರಲ್ಲಿ ಅದನ್ನು ಪೂರ್ತಿಗೊಳಿಸಿದರು. ಆಸ್ಟ್ರೇಲಿಯಾದ ಯಾವ ರಾಜ್ಯವೂ ಅದಕ್ಕೆ ಮೊದಲು ಈ ಕೆಲಸ ಮಾಡಿರಲಿಲ್ಲ.

ಇನ್ನೊಂದು ನೀವು ಕಣ್ಣಾರೆ ಕಂಡ ಬಾಟಲಿ. 1975ರ ಕಾಯ್ದೆ, 1977ರಿಂದ ಜಾರಿ. ಪಾನೀಯದ ಖಾಲಿ ಡಬ್ಬಿ, ಬಾಟಲಿ ಮರಳಿಸಿದರೆ 5 ಸೆಂಟ್. 2008ರಲ್ಲಿ 10 ಸೆಂಟ್ ಆಯಿತು. ಇದರಲ್ಲಿ ಕ್ರಾಂತಿಯೂ ಇಲ್ಲ, ಭಾಷಣವೂ ಇಲ್ಲ. ಆದರೂ ನ್ಯೂ ಸೌತ್ ವೇಲ್ಸ್ ಇದನ್ನು ತಂದದ್ದು 2017ರಲ್ಲಿ, ವಿಕ್ಟೋರಿಯಾ 2023ರಲ್ಲಿ! ಪಕ್ಕದ ಮನೆಯ ಒಳ್ಳೆಯ ಕೆಲಸ ಕಾಣಲು ನಾಲ್ಕು ದಶಕ ಹಿಡಿಯುವುದು ನಮ್ಮ ರಾಜ್ಯಗಳ ಕಾಯಿಲೆ ಮಾತ್ರ ಎಂದು ಇಷ್ಟು ದಿನ ತಿಳಿದಿದ್ದೆ.

ಒಂದು ವಿನೋದವನ್ನೂ ಹೇಳಿಬಿಡುತ್ತೇನೆ. 1976ರ ಜನವರಿ 19ರಂದು ಭೂಕಂಪವಾಗಿ ಕಡಲು ಉಕ್ಕಿ ಅಡಿಲೇಡ್ ನಾಶವಾಗುತ್ತದೆ ಎಂದು ಒಬ್ಬರು ಭವಿಷ್ಯ ನುಡಿದಿದ್ದರು. ಕೆಲವರು ಊರು ಬಿಟ್ಟೇ ಹೋದರು. ಡನ್‌ಸ್ಟನ್ ಆ ದಿನ ಹೇಳಿದ ಹೊತ್ತಿಗೆ ಸರಿಯಾಗಿ ಗ್ಲೆನೆಲ್ಗ್ ಕಡಲತೀರಕ್ಕೆ ಹೋಗಿ ಜನರ ನಡುವೆ ನಿಂತರು. ಏನೂ ಆಗಲಿಲ್ಲ. ಕುರ್ಚಿ ಹೋಗುತ್ತದೆಂಬ ಭಯದಿಂದ ಚಾಮರಾಜನಗರಕ್ಕೆ ಕಾಲಿಡದ ನಮ್ಮ ಮುಖ್ಯಮಂತ್ರಿಗಳ ಸಾಲನ್ನು ನೆನೆದರೆ, ಆ ಒಂದು ಮಧ್ಯಾಹ್ನಕ್ಕಾಗಿಯೇ ಇವರಿಗೆ ನಮಸ್ಕಾರ ಹೇಳಬೇಕೆನಿಸುತ್ತದೆ.

ಇನ್ನು ಸೋಲುಗಳು. ಮರ್ರೆ ಬ್ರಿಜ್ ಬಳಿ ಮೊನಾರ್ಟೊ ಎಂಬ ಹೊಸ ನಗರ ಕಟ್ಟುವ ಯೋಜನೆ ಹಾಕಿ, ರೈತರ ಜಮೀನು ಕೊಂಡು, ಗಿಡ ನೆಟ್ಟು, ಜನರೇ ಬಾರದೆ ಕೈಬಿಟ್ಟರು. ಈಗ ಅಲ್ಲಿ ಜಿರಾಫೆಗಳಿರುವ ದೊಡ್ಡ ಮೃಗಾಲಯವಿದೆ. ಪೊಲೀಸ್ ಆಯುಕ್ತರ ವಜಾ ಪ್ರಕರಣ ಇನ್ನೂ ಗಂಭೀರ. ಪೊಲೀಸರ ವಿಶೇಷ ಶಾಖೆ ಶಾಸಕರು, ನ್ಯಾಯಾಧೀಶರು, ಪಾದ್ರಿಗಳು, ಕಾರ್ಮಿಕ ನಾಯಕರು ಎನ್ನದೆ ಸಾವಿರಾರು ಮಂದಿಯ ಮೇಲೆ ಗುಪ್ತ ಕಡತಗಳನ್ನು ಇಟ್ಟಿತ್ತು ಎಂದು ನ್ಯಾಯಮೂರ್ತಿ ವೈಟ್ ಅವರ ತನಿಖೆ ಹೇಳಿತು. ಸರ್ಕಾರಕ್ಕೆ ತಪ್ಪು ಮಾಹಿತಿ ಕೊಟ್ಟರೆಂದು 1978ರ ಜನವರಿಯಲ್ಲಿ ಆಯುಕ್ತ ಹೆರಾಲ್ಡ್ ಸಾಲಿಸ್‌ಬರಿ ಅವರನ್ನು ಡನ್‌ಸ್ಟನ್ ವಜಾ ಮಾಡಿದರು. ತಮ್ಮ ನಿಷ್ಠೆ ರಾಣಿಗೇ ಹೊರತು ಚುನಾಯಿತ ಸರ್ಕಾರಕ್ಕಲ್ಲ ಎಂಬುದು ಸಾಲಿಸ್‌ಬರಿ ವಾದ. ರೋಮಾ ಮಿಚೆಲ್ ಅವರ ಆಯೋಗ ವಜಾ ಸರಿ ಎಂದಿತು. ಅಧಿಕಾರಿ ಯಾರಿಗೆ ಉತ್ತರ ಕೊಡಬೇಕು ಎಂಬ ವಿಷಯದಲ್ಲಿ ಡನ್‌ಸ್ಟನ್ ಸರಿಯಿದ್ದರು ಎಂದೇ ನನ್ನ ಅಭಿಪ್ರಾಯ. ಆದರೆ ಜನರ ಸಹಾನುಭೂತಿ ಆಯುಕ್ತರ ಕಡೆ ಹೋಯಿತು, ಸರ್ಕಾರ ಆ ಏಟಿನಿಂದ ಚೇತರಿಸಿಕೊಳ್ಳಲಿಲ್ಲ.

ಅದೇ ವರ್ಷ ಅಕ್ಟೋಬರ್‌ನಲ್ಲಿ ಅವರ ಎರಡನೆಯ ಪತ್ನಿ, ಮಲೇಷ್ಯಾ ಮೂಲದ ಪತ್ರಕರ್ತೆ ಅಡೆಲ್ ಕೋ, ಕ್ಯಾನ್ಸರ್‌ನಿಂದ ತೀರಿಕೊಂಡರು. ಕೆಲವೇ ತಿಂಗಳಲ್ಲಿ ಡನ್‌ಸ್ಟನ್ ಸದನದಲ್ಲಿ ಕುಸಿದರು. 1979ರ ಫೆಬ್ರವರಿ 15ರಂದು ಆಸ್ಪತ್ರೆಯಲ್ಲಿ ಗೌನ್ ತೊಟ್ಟು ಪತ್ರಕರ್ತರ ಮುಂದೆ ಬಂದು ರಾಜೀನಾಮೆ ಘೋಷಿಸಿದರು. ಆಮೇಲಿನ ಇಪ್ಪತ್ತು ವರ್ಷಗಳಲ್ಲಿ ಮೆಲ್ಬರ್ನ್‌ನಲ್ಲಿ ಪ್ರವಾಸೋದ್ಯಮದ ಹುದ್ದೆ, ಹಸಿವು ನಿವಾರಣೆಯ ಸಂಸ್ಥೆಗಳ ಕೆಲಸ, ಹುಟ್ಟಿದ ಫಿಜಿಯಲ್ಲಿ ಸೇನೆ ಅಧಿಕಾರ ಹಿಡಿದಾಗ ಪ್ರಜಾಪ್ರಭುತ್ವದ ಪರ ಚಳವಳಿ ಎಲ್ಲವೂ ಬಂದುಹೋದವು. ಕೊನೆಗೆ ನಾರ್‌ವುಡ್‌ನಲ್ಲಿ ಸಂಗಾತಿ ಸ್ಟೀಫನ್ ಚೆಂಗ್ ಜೊತೆ ಒಂದು ರೆಸ್ಟೋರೆಂಟ್ ನಡೆಸಿದರು. ಅಡುಗೆ ಅವರಿಗೆ ಬರಿಯ ಹವ್ಯಾಸವಾಗಿರಲಿಲ್ಲ. ಪ್ರೀಮಿಯರ್ ಆಗಿದ್ದಾಗಲೇ ಪಾಕಶಾಸ್ತ್ರದ ಪುಸ್ತಕ ಬರೆದವರು. 1999ರ ಫೆಬ್ರವರಿ 6ರಂದು ತೀರಿಕೊಂಡರು.

ಅರಸು ಅವರ ಹೋಲಿಕೆಗೆ ಬರುತ್ತೇನೆ. ಇಬ್ಬರೂ ಎಪ್ಪತ್ತರ ದಶಕದವರು, ಇಬ್ಬರೂ ಬಲಿತವರ ಕೂಟವನ್ನು ಒಡೆದವರು ಎಂಬಷ್ಟಕ್ಕೆ ನಿಮ್ಮ ಮಾತು ಸರಿ. ಆದರೆ ಅರಸು ಉಳುವವನಿಗೆ ನೆಲ ಕೊಡಿಸಿದರು, ಹಾವನೂರ್ ಆಯೋಗದ ಮೂಲಕ ಹಿಂದುಳಿದ ಜಾತಿಗಳನ್ನು ಅಧಿಕಾರದ ಹತ್ತಿರ ತಂದರು. ಆಸ್ತಿಯ ಹಂಚಿಕೆಗೆ ಡನ್‌ಸ್ಟನ್ ಹಾಗೆ ಕೈಹಾಕಲಿಲ್ಲ. ಅವರು ಬದಲಾಯಿಸಿದ್ದು ಮತದ ತೂಕವನ್ನು, ಅಪರಾಧದ ಪಟ್ಟಿಯನ್ನು, ಸಂಜೆ ಆರಕ್ಕೆ ಬಾಗಿಲು ಹಾಕುತ್ತಿದ್ದ ಊರಿನ ದಿನಚರಿಯನ್ನು. ನಿಜಕ್ಕೂ ಸಂಜೆ ಆರಕ್ಕೆ ಹೆಂಡದಂಗಡಿ ಮುಚ್ಚುವ ನಿಯಮ ಅಲ್ಲಿ 1967ರವರೆಗೂ ಇತ್ತು.

ರಾಜ್ಯದ ನಾಯಕನಿಗೆ ಇದು ಸಾಧ್ಯವಾದದ್ದು ಹೇಗೆ ಎಂಬುದಕ್ಕೆ ಉತ್ತರ ಅವರ ಸಂವಿಧಾನದಲ್ಲಿದೆ. ಅಲ್ಲಿ ಒಕ್ಕೂಟದ ಅಧಿಕಾರಗಳನ್ನು ಪಟ್ಟಿ ಮಾಡಿ, ಮಿಕ್ಕದ್ದನ್ನೆಲ್ಲ ರಾಜ್ಯಗಳಿಗೆ ಬಿಟ್ಟಿದ್ದಾರೆ. ನಮ್ಮಲ್ಲಿ ಮಿಕ್ಕದ್ದು ಕೇಂದ್ರಕ್ಕೆ. ದಂಡ ಕಾನೂನು, ಪೊಲೀಸು, ಜಮೀನು, ತನ್ನ ಶಾಸನಸಭೆಯ ಕ್ಷೇತ್ರಗಳ ಗಡಿ, ಮೇಲ್ಮನೆಯ ರಚನೆ ಎಲ್ಲವೂ ಡನ್‌ಸ್ಟನ್ ಕೈಯಲ್ಲಿದ್ದವು. ಅರಸು ಅವರಿಗೆ ಮನಸ್ಸಿದ್ದರೂ ವಿಧಾನಸಭೆಯ ಕ್ಷೇತ್ರಗಳನ್ನು ತಾವಾಗಿ ಮರುವಿಂಗಡಿಸಲು ಆಗುತ್ತಿರಲಿಲ್ಲ. ಸಲಿಂಗ ಸಂಬಂಧವನ್ನು ಅಪರಾಧವಾಗಿಸಿದ್ದ ದಂಡಸಂಹಿತೆಯ 377ನೆಯ ಸೆಕ್ಷನ್ನಿನ ಸಂಕೋಲೆಯನ್ನು ನಮ್ಮಲ್ಲಿ ಕಳಚಿದ್ದು 2018ರಲ್ಲಿ, ಸುಪ್ರೀಂ ಕೋರ್ಟು.

ಕೊನೆಯದಾಗಿ, ‘ಅವರ ಪಕ್ಷ ಸೋತ ಮೇಲೆ ಎಲ್ಲ ಅಳಿಸಿಹೋಯಿತೇ’ ಎಂದು ಪತ್ರದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿದ್ದೀರಿ. 1979ರ ಸೆಪ್ಟೆಂಬರ್‌ನಲ್ಲಿ ಲೇಬರ್ ಸೋತು ಲಿಬರಲ್ ಪಕ್ಷದ ಡೇವಿಡ್ ಟಾಂಕಿನ್ ಬಂದರು. ಪಿಟ್‌ಜಂಜಾರ ಮೂಲನಿವಾಸಿಗಳಿಗೆ ಅವರ ವಿಶಾಲ ನೆಲದ ಹಕ್ಕು ಕೊಡುವ ಮಸೂದೆಯನ್ನು ಡನ್‌ಸ್ಟನ್ ಆರಂಭಿಸಿ ಅರ್ಧಕ್ಕೆ ಬಿಟ್ಟುಹೋಗಿದ್ದರು. 1981ರಲ್ಲಿ ಟಾಂಕಿನ್ ಅದನ್ನು ಕಾಯ್ದೆ ಮಾಡಿದರು. ನಾರ್‌ವುಡ್ ಕ್ಷೇತ್ರಕ್ಕೆ 2014ರ ಚುನಾವಣೆಯಿಂದ ಡನ್‌ಸ್ಟನ್ ಎಂದೇ ಹೆಸರು. ಆ ಹೆಸರಿನ ಕ್ಷೇತ್ರದಿಂದ ಗೆದ್ದು 2018ರಲ್ಲಿ ಪ್ರೀಮಿಯರ್ ಆದವರು ಲಿಬರಲ್ ಪಕ್ಷದ ಸ್ಟೀವನ್ ಮಾರ್ಷಲ್. ಲೇಬರ್ ಅದನ್ನು ತನ್ನದಾಗಿಸಿಕೊಂಡದ್ದು 2024ರ ಉಪಚುನಾವಣೆಯಲ್ಲಿ.

– ಸಂಪಾದಕ